ಸಿನಿಮಾಕ್ಕೆ ಅಕ್ಕ ಸೇರಿಸಿದ ಕೊನೆ

ಆ ಕಂಬದ ಹತ್ತಿರ ಕೂತಿರುವ ತಾಯಂದಿರೇ, ತಡೆಯಿರಿ. ಪಕ್ಕದವರನ್ನು ಮೊಣಕೈಯಲ್ಲಿ ತಿವಿಯಬೇಡಿ. ತೂಕಡಿಸುತ್ತಿದ್ದಾರೆ, ತೂಕಡಿಸಲಿ ಬಿಡಿ. ನನ್ನ ಪ್ರವಚನ ಕೇಳಿ ನಿದ್ದೆ ಬಂದರೆ ಅದು ನನ್ನ ತಪ್ಪೇ ಹೊರತು ಅವರದಲ್ಲ. ಈ ಕಡೆ ಗಂಡಸರೆಲ್ಲ ನಕ್ಕಿರಿ. ನಗಿ, ನಾನೂ ನಕ್ಕೆ. ಆದರೆ ನಕ್ಕ ಮೇಲೆ ಒಂದು ಕಥೆ ನೆನಪಾಯಿತು. ಇವತ್ತು ಹೇಳಬೇಕೆಂದುಕೊಂಡಿದ್ದೆಲ್ಲ ಪಕ್ಕಕ್ಕಿರಲಿ, ಈ ಕಥೆ ಕೇಳಿ.

ಒಂದು ಊರು. ಆ ಊರಲ್ಲೊಬ್ಬ ಶ್ರೀಮಂತ. ಎರಡು ರೈಸ್ ಮಿಲ್ಲು, ಮಹಡಿ ಮನೆ, ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಕೆಟ್ಟವನೇ? ಅಲ್ಲ ನೋಡಿ. ಕೆಟ್ಟವನ ಕಥೆ ಹೇಳಿದರೆ ನೀವೆಲ್ಲ ಬೇರೆ ಯಾರದೋ ಕಥೆ ಎಂದು ಆರಾಮಾಗಿ ಕೇಳುತ್ತೀರಿ. ಇವನು ಒಳ್ಳೆಯವನು. ನಿಮ್ಮ ಹಾಗೆ.

ಅವನಿಗೊಬ್ಬಳು ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿ ಹಾಸಿಗೆ ಹಿಡಿದಿದ್ದರಿಂದ ತಮ್ಮನನ್ನು ಸಾಕಿದವಳು ಅವಳೇ. ಊರಾಚೆ ಸಿನಿಮಾ ಟೆಂಟ್ ಹಾಕಿದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕರೆದೊಯ್ದವಳೂ ಅವಳೇ. ಅಲ್ಲಿ ಒಂದು ಸಿನಿಮಾ ನೋಡಿದ ಹುಡುಗ ಅದರ ಹುಚ್ಚು ಹಿಡಿಸಿಕೊಂಡ. ಸಿನಿಮಾದ ಹೆಸರು ಬೇಡ. ಹೆಸರು ಹೇಳಿದರೆ ಹಿಂದಿನ ಸಾಲಿನವರು ಹಾಡು ಶುರು ಮಾಡುತ್ತೀರಿ.

ನಾಯಕ ಕುದುರೆ ಏರಿ ಬರುತ್ತಾನೆ, ಕಳ್ಳರನ್ನು ಬಡಿಯುತ್ತಾನೆ, ಕೊನೆಗೆ ಮದುವೆಯಾಗುತ್ತಾನೆ. ಜನರನ್ನು ನಗಿಸಲು ಅವನಿಗೊಬ್ಬಳು ಸೋದರತ್ತೆ. ಆಕೆಗೆ ಕೂತಲ್ಲೆಲ್ಲ ತೂಕಡಿಕೆ. ಪೂಜೆಗೆ ಕೂತರೂ ತೂಕಡಿಕೆ, ಹೆಣ್ಣು ನೋಡಲು ಹೋದರೂ ತೂಕಡಿಕೆ, ಒಮ್ಮೆಯಂತೂ ಸೌಟು ಹಿಡಿದು ನಿಂತಲ್ಲೇ ನಿದ್ದೆ. ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಗುತ್ತಿತ್ತು. ಹುಡುಗನೂ ನಗುತ್ತಿದ್ದ.

ಆದರೆ ಎಷ್ಟು ಸಲ ಹೋದರೂ ಅವನು ಸಿನಿಮಾದ ಕೊನೆ ನೋಡಿದ್ದೇ ಇಲ್ಲ. ಕಳ್ಳರು ಸೋತ ಕೂಡಲೇ ಅಕ್ಕನ ತೊಡೆಯ ಮೇಲೆ ನಿದ್ದೆ. ಅಕ್ಕ ಅವನನ್ನು ಹೆಗಲಿಗೆ ಹಾಕಿಕೊಂಡು ಮನೆ ಸೇರುತ್ತಿದ್ದಳು. ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಆ ಕೊನೆ ಹೇಳಬೇಕು, ಇಲ್ಲದಿದ್ದರೆ ಅವನು ರೊಟ್ಟಿ ಮುಟ್ಟುತ್ತಿರಲಿಲ್ಲ.

ಅಕ್ಕ ಹೇಳುತ್ತಿದ್ದಳು: "ಮದುವೆ ಆಯ್ತು. ಎಲ್ಲಾರ್ದೂ ಊಟ ಆಯ್ತು. ಆಮೇಲೆ ಅವನು ಕುದುರೆ ಕಟ್ಟಿ ಒಳಗೆ ಬಂದ. ಅತ್ತೆಗೆ ತನ್ನ ಕೈಯಾರೆ ಹಾಸಿಗೆ ಹಾಸಿಕೊಟ್ಟ. 'ಮಲಕ್ಕೋ ಅತ್ತೆ, ಯಾರೂ ಎಬ್ಬಿಸಲ್ಲ' ಅಂದ. ಅಲ್ಲಿಗೆ ಮುಗೀತು."

ಹುಡುಗ ಬೆಳೆದ, ಶ್ರೀಮಂತನಾದ. ಅಕ್ಕ ಮುದುಕಿಯಾದಳು. ವಯಸ್ಸಾದ ಮೇಲೆ ಅವಳಿಗೂ ಕೂತಲ್ಲಿ ನಿದ್ದೆ ಬರತೊಡಗಿತು. ತಮ್ಮ ಅವಳಿಗೆ ಆ ಸಿನಿಮಾದ ಅತ್ತೆಯ ಹೆಸರನ್ನೇ ಇಟ್ಟ: ತೂಕಡಿಕೆ ಅತ್ತೆ. ಪ್ರೀತಿಯಿಂದಲೇ ಇಟ್ಟ. ಮನೆಯವರೆಲ್ಲ ಹಾಗೆಯೇ ಕರೆದರು. ಅಕ್ಕನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಒಂದು ದಿನ ಗ್ಯಾಸ್ ಮೇಲೆ ಹಾಲಿಟ್ಟು ಕೂತವಳು ಹಾಗೇ ತೂಕಡಿಸಿದಳು. ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಗಿ ಅಡುಗೆಮನೆ ತುಂಬ ಹೊಗೆ. ಸೊಸೆ ಹೆದರಿದಳು. ಹೆದರಿದ್ದು ತಪ್ಪಲ್ಲ. "ಮಾವ, ಇವತ್ತು ಪಾತ್ರೆ ಹೋಯ್ತು. ಮಕ್ಕಳಿರೋ ಮನೆ, ನಾಳೆ ಏನಾದ್ರೂ ಆದ್ರೆ ಏನ್ ಮಾಡೋದು?" ಎಂದಳು. ಶ್ರೀಮಂತ ಯೋಚಿಸಿದ. ದೂರದ ಊರಿನಲ್ಲಿ ಚಿಕ್ಕಪ್ಪನ ಮಗನಿದ್ದ. ಅಕ್ಕನನ್ನು ಅಲ್ಲಿಗೆ ಕಳಿಸುವುದೆಂದಾಯಿತು. ಅಕ್ಕನಿಗೂ ತಮಾಷೆಯಾಗಿಯೇ ಹೇಳಿದ: "ಅಲ್ಲಿ ನಿಂಗೆ ಒಂದು ಕೆಲಸವೂ ಇರಲ್ಲಕ್ಕ. ಬೇಕಾದಷ್ಟು ತೂಕಡಿಸಬಹುದು."

ಅಕ್ಕ ಏನೂ ವಾದಿಸಲಿಲ್ಲ. "ಆಗಲಿ ಬಿಡಪ್ಪ. ನಿನ್ನ ಅರವತ್ತರ ಶಾಂತಿ ಮುಗಿಸ್ಕೊಂಡು ಹೋಗ್ತೀನಿ" ಎಂದಳು. ಎರಡು ಸೀರೆ, ಒಂದು ಕಂಬಳಿ ಚೀಲಕ್ಕೆ ತುಂಬಿ ಅಡುಗೆಮನೆಯ ಬಾಗಿಲ ಹಿಂದೆ ಇಟ್ಟುಕೊಂಡಳು.

ಶಾಂತಿಯಾಯಿತು, ಊಟವಾಯಿತು. ಮಧ್ಯಾಹ್ನ ಮಗ ಹೇಳಿದ, "ಅಪ್ಪ, ನಿಮ್ಮ ಸಿನಿಮಾ ಸಿಕ್ಕಿದೆ. ದೊಡ್ಡ ಟಿವಿಲಿ ಹಾಕ್ತೀನಿ." ಅರವತ್ತರ ಮುದುಕ ಮಗುವಾಗಿಬಿಟ್ಟ. ಎಲ್ಲರನ್ನೂ ಕರೆದು ಕೂರಿಸಿಕೊಂಡ. ಅಕ್ಕ ಎಂಜಲೆಲೆ ತೆಗೆದು, ನೆಲ ಒರೆಸಿ, ಎಲ್ಲರಿಗಿಂತ ಕೊನೆಗೆ ಎರಡು ತುತ್ತು ತಿಂದು ಬಂದು ಗೋಡೆಗೊರಗಿ ಕೂತಳು. ಕೂತವಳೇ ತೂಕಡಿಸಿದಳು. ಅದೇ ಹೊತ್ತಿಗೆ ಟಿವಿಯಲ್ಲೂ ಅತ್ತೆ ತೂಕಡಿಸಿದಳು! ಮನೆಗೆ ಮನೆಯೇ ನಕ್ಕಿತು. ಶ್ರೀಮಂತನೂ ನಕ್ಕ.

ನಗುತ್ತಲೇ ಇದ್ದ, ಆದರೆ ಅವನ ಕಣ್ಣಿಗೆ ಏನೋ ಬಿತ್ತು. ನಾಯಕ ಕುದುರೆ ಏರಿ ಹಾಡುತ್ತಿದ್ದಾನೆ, ಹಿಂದೆ ಬಾವಿಯ ಹತ್ತಿರ ಯಾರೋ ನೀರು ಸೇದುತ್ತಿದ್ದಾರೆ. ಯಾರು? ಅತ್ತೆ. ನಾಯಕ ಊಟಕ್ಕೆ ಕೂತಿದ್ದಾನೆ, ಮೂಲೆಯಲ್ಲಿ ಯಾರೋ ರುಬ್ಬುತ್ತಿದ್ದಾರೆ. ಅತ್ತೆ. ನಾಯಕನ ತಂಗಿಯ ಮಗು ಅಳುತ್ತಿದೆ, ತೊಟ್ಟಿಲು ತೂಗುವ ಕೈ ಯಾರದು? ಆಮೇಲೆ ಪೂಜೆ, ಆಮೇಲೆ ತೂಕಡಿಕೆ, ಆಮೇಲೆ ಎಲ್ಲರ ನಗು. ಅಲ್ಲ, ಈಕೆ ಮಲಗುವುದು ಯಾವಾಗ? ಇಡೀ ಸಿನಿಮಾದಲ್ಲಿ ಈಕೆ ಒಮ್ಮೆಯೂ ಮಲಗಿದ್ದು ಅವನಿಗೆ ಕಾಣಲಿಲ್ಲ. ಅವನ ನಗು ನಿಂತಿತು.

ಸಿನಿಮಾ ಬದಲಾಗಿತ್ತೇ? ಇಲ್ಲ. ಆಗಲೂ ಆಕೆ ಆ ಮೂಲೆಯಲ್ಲೇ ಇದ್ದಳು. ಚಿಕ್ಕವನಿದ್ದಾಗ ಅವನು ಕುದುರೆ ನೋಡಿದ. ಅದು ಕುದುರೆ ನೋಡುವ ವಯಸ್ಸೇ, ತಪ್ಪಿಲ್ಲ. ಅರವತ್ತಾದ ಮೇಲೂ ಕುದುರೆಯನ್ನೇ ನೋಡುತ್ತ ಕೂತರೆ?

ಕಳ್ಳರು ಸೋತರು, ಮದುವೆಯಾಯಿತು. "ತಡೀರಿ, ಏಳಬೇಡಿ. ಈಗ ಅವನು ಅತ್ತೆಗೆ ಹಾಸಿಗೆ ಹಾಸಿಕೊಡ್ತಾನೆ. ಅದು ಬರಬೇಕು" ಎಂದ ಶ್ರೀಮಂತ. ಬರಲಿಲ್ಲ. ಒಲೆಯ ಪಕ್ಕ ಅತ್ತೆ ತೂಕಡಿಸುತ್ತಾಳೆ, ಮದುವೆ ದಿಬ್ಬಣವೆಲ್ಲ ನಿಂತು ನಗುತ್ತದೆ, ಸಿನಿಮಾ ಮುಗಿಯುತ್ತದೆ. ಅಷ್ಟೇ. ಹಾಸಿಗೆ ಎಲ್ಲಿ?

ನಗುವಿನ ಸದ್ದಿಗೆ ಎಚ್ಚರಗೊಂಡ ಅಕ್ಕನ ಮುಂದೆ ಅವನು ಹೋಗಿ ಕೂತ. "ಅಕ್ಕ, ಅತ್ತೆಗೆ ಹಾಸಿಗೆ ಹಾಸೋದು ಸಿನಿಮಾದಲ್ಲಿ ಇಲ್ಲವಲ್ಲ?"

"ಇಲ್ಲ ಕಣೋ."

"ಮತ್ತೆ ನೀನು ಹೇಳ್ತಿದ್ದೆ?"

ಅಕ್ಕ ಕಣ್ಣುಜ್ಜಿಕೊಂಡಳು. "ಆಯಮ್ಮನ್ನ ಹಂಗೇ ಕೂರಿಸಿ ಮುಗಿಸಿಬಿಟ್ಟಿದ್ರು. ನಂಗೆ ತಡೀಲಿಲ್ಲ. ಅದಕ್ಕೇ ನಾನೇ ಸೇರಿಸ್ದೆ."

ಶ್ರೀಮಂತ ಅತ್ತುಬಿಟ್ಟ. ಎದ್ದು ಒಳಗೆ ಹೋದವನು ತನ್ನ ಹಾಸಿಗೆ ಎಳೆದುಕೊಂಡು ಬಂದ. ಹುಟ್ಟಿದಾಗಿನಿಂದ ಒಂದು ದಿನವೂ ಹಾಸಿಗೆ ಹಾಸಿ ಗೊತ್ತಿಲ್ಲದ ಮನುಷ್ಯ, ಎಲ್ಲ ಸೊಟ್ಟಪಟ್ಟ. ಅಕ್ಕ ನೋಡಿ ನಕ್ಕಳು. "ದಿಂಬು ಕಾಲ ಕಡೆ ಇಟ್ಟಿದ್ದೀಯಲ್ಲೋ, ದಡ್ಡ."

"ಮಲಕ್ಕೋ ಅಕ್ಕ, ಯಾರೂ ಎಬ್ಬಿಸಲ್ಲ. ಎಲ್ಲಿಗೂ ಹೋಗ್ಬೇಡ."

"ಮತ್ತೆ ಆ ಚೀಲ?"

"ನಾನು ಬಿಚ್ಚಿಡ್ತೀನಿ."

"ನೀನು ಮುಟ್ಟಬೇಡ, ಸೀರೆ ಮುದುರಿಹಾಕ್ತೀಯ" ಎಂದಳು ಅಕ್ಕ, ಮಲಗಿದಳು.

ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ಒರೆಸಿಕೊಳ್ಳಬೇಡಿ ಇನ್ನೂ, ಕಥೆ ಮುಗಿದಿಲ್ಲ. ಒಂದು ಮಧ್ಯಾಹ್ನ ಅತ್ತು ಹಾಸಿಗೆ ಹಾಸುವುದು ದೊಡ್ಡದಲ್ಲ. ಮರುದಿನ ಬೆಳಿಗ್ಗೆ ಒಲೆ ಹಚ್ಚಿದವರು ಯಾರು? ಅದನ್ನು ಕೇಳಿ! ಶ್ರೀಮಂತನೇ ಎದ್ದ. ಹಾಲಿಟ್ಟ. ಪೇಪರ್ ಓದುತ್ತ ನಿಂತ. ಅವನ ಹಾಲೂ ಉಕ್ಕಿತು ನೋಡಿ. ಉಕ್ಕಿದ್ದಕ್ಕೆ ಅವನಿಗೆ ಯಾರೂ ಹೆಸರಿಡಲಿಲ್ಲ, ಯಾರೂ ಅವನನ್ನು ಬೇರೆ ಊರಿಗೆ ಕಳಿಸಲಿಲ್ಲ. ಸೊಸೆ ನಕ್ಕು, ಬಟ್ಟೆ ತಂದು ಒರೆಸಿದಳು, ಜೊತೆಗೆ ನಿಂತಳು. ಅಂದಿನಿಂದ ಆ ಮನೆಯಲ್ಲಿ ಬೆಳಗಿನ ಕೆಲಸಕ್ಕೆ ಪಾಳಿಯಾಯಿತು. ಆಶ್ಚರ್ಯವೆಂದರೆ, ಅಕ್ಕನ ತೂಕಡಿಕೆ ಅರ್ಧಕ್ಕರ್ಧ ಕಡಿಮೆಯಾಯಿತು. ಇದಕ್ಕೆ ವೈದ್ಯರು ಬೇಕೇ?

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಮನೆಯಲ್ಲಿ ಯಾರಿಗೆ ಹೆಸರಿಟ್ಟಿದ್ದೀರಿ? ಗೊಣಗೋ ಅಜ್ಜಿ, ಮರೆಗುಳಿ ಅಮ್ಮ, ಸಿಡುಕು ಅತ್ತಿಗೆ. ಇಟ್ಟಿದ್ದೀರಿ, ನನಗೆ ಗೊತ್ತು. ಆ ಹೆಸರಿನ ಹಿಂದೆ ಮೂಲೆಯಲ್ಲಿ ಏನು ನಡೆಯುತ್ತಿದೆ, ಒಮ್ಮೆ ನೋಡಿ. ಇವತ್ತು ಮನೆಗೆ ಹೋದ ಮೇಲೆ ಎಲ್ಲರೂ ಮಲಗಿದಾಗ ಇನ್ನೂ ನಿಂತೇ ಇರುವವರು ಯಾರು, ನೋಡಿ. ನೋಡಿ ಸುಮ್ಮನಾಗಬೇಡಿ. ಅವರ ಕೈಯಿಂದ ಒಂದು ಕೆಲಸ ಕಿತ್ತುಕೊಳ್ಳಿ, ನಾಳೆಯೂ ಅದು ನಿಮ್ಮದೇ ಆಗಿರಲಿ. ಆ ಹೆಸರನ್ನು ಮಾತ್ರ ಇವತ್ತೇ ಬಿಟ್ಟುಬಿಡಿ.

ಆ ಕಂಬದ ಪಕ್ಕ ತೂಕಡಿಸುತ್ತಿರುವ ತಾಯಿ ಯಾರೆಂದು ನಿಮಗೆ ಗೊತ್ತೇ? ಪುಟ್ಟಗೌರಮ್ಮನವರು. ಸಂಜೆ ಬಂದ ಕೂಡಲೇ ನೀವೆಲ್ಲ ಎರಡೆರಡು ಸಲ ಹಾಕಿಸಿಕೊಂಡು ತಿಂದಿರಲ್ಲ ಉಪ್ಪಿಟ್ಟು, ಚೆನ್ನಾಗಿದೆ ಎಂದಿರಲ್ಲ? ಬೆಳಗಿನಿಂದ ಮಠದ ಒಲೆಯ ಮುಂದೆ ನಿಂತವರು ಅವರು. ಕೊಪ್ಪರಿಗೆಗಳು ಹಾಗೇ ಇವೆ. ಪ್ರವಚನ ಮುಗಿದ ಮೇಲೆ ಅವರೇ ತೊಳೆಯಬೇಕು.

ಸಾಕು, ನನ್ನ ಮಾತು ಇಲ್ಲಿಗೆ ನಿಲ್ಲಲಿ. ನಕ್ಕ ಗಂಡಸರೆಲ್ಲ ತೋಳು ಮಡಚಿಕೊಂಡು ಹಿತ್ತಿಲ ಕಡೆ ನಡೆಯಿರಿ, ಬೂದಿ, ನಾರು ಅಲ್ಲೇ ಇದೆ, ನಾನೂ ಬರುತ್ತೇನೆ. ಇವತ್ತು ಮಂಗಳಾರತಿಗೆ ಜಾಗಟೆ ಬೇಡ. ತಾಯಂದಿರೇ, ಯಾರಾದರೂ ಒಬ್ಬರು ಅವರ ತಲೆಯಡಿಗೆ ಏನಾದರೂ ಮೆತ್ತಗಿನದು ಇಡಿ.