ಹನುಮಕ್ಕನ ಹೆಸರಿನ ಹುಳ

ಪೂಜ್ಯ ಅಧ್ಯಕ್ಷರಾದ ಸೋಮಲಿಂಗಪ್ಪನವರೇ, ಕೆಂಗೇರಿಯ ಹಿರಿಯರೇ, ತಾಯಂದಿರೇ, ಸಭಿಕರೇ,

ಇಂದು ಸನ್ಮಾನಗೊಳ್ಳುತ್ತಿರುವ ಕಾಲೇಜು ಅಧ್ಯಾಪಕ ಚನ್ನಕೇಶವ ನನ್ನ ತಮ್ಮ. ಹೊಗಳಿದರೆ ಮನೆಯವನೆಂದು ಹೊಗಳಿದ ಎನ್ನುತ್ತೀರಿ, ಬಿಟ್ಟರೆ ಹೊಟ್ಟೆಕಿಚ್ಚು ಎನ್ನುತ್ತೀರಿ. ಆದ್ದರಿಂದ ಹುಳದ ವಿಷಯವನ್ನೇ ಹೇಳುತ್ತೇನೆ.

ಏಕೀಕರಣವಾಗಿ ಮೊನ್ನೆ ತಾನೇ ನಮ್ಮ ರಾಜ್ಯಕ್ಕೆ ಸೇರಿದ ಕುಂದಾಪುರದ ಕಡೆ ಉಪ್ಪುನೀರಿನಲ್ಲಿ ಕಾಂಡ್ಲಾ ಎಂಬ ಗಿಡ ಬೆಳೆಯುತ್ತದೆ. ಅದರ ಬುಡದ ಕೆಸರನ್ನು ಇವನು ಡಬ್ಬಗಳಲ್ಲಿ ತುಂಬಿ ಬಸ್ಸಿನಲ್ಲಿ ತಂದ. ವಾಸನೆಗೆ ಪಕ್ಕದವರು ಎದ್ದುಹೋದರಂತೆ, ಇವನಿಗೆ ಕಾಲು ಚಾಚಲು ಜಾಗವಾಯಿತು. ಆ ಕೆಸರನ್ನು ಅಕ್ಕಿಯ ಹಾಗೆ ಜಾಲಿಸಿ, ಕೂದಲಿಗಿಂತ ತೆಳುವಾದ ಹುಳಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಾಲ ಹೇಗಿದೆ, ಬಾಯಲ್ಲಿ ಹಲ್ಲಿದೆಯೇ ಎಂದು ನೋಡಿ ಚಿತ್ರ ಬರೆದ. ಅವುಗಳಲ್ಲೊಂದನ್ನು ಅದುವರೆಗೆ ಜಗತ್ತಿನಲ್ಲಿ ಯಾರೂ ವರ್ಣಿಸಿರಲಿಲ್ಲ. ವರ್ಣಿಸಿದವನೇ ಹೆಸರಿಡಬೇಕು. ಇವನು ಯಾರ ಹೆಸರಿಟ್ಟ? ನಮ್ಮ ಅವ್ವ ಹನುಮಕ್ಕನ ಹೆಸರಿಟ್ಟ.

ಎಡವಟ್ಟಾದದ್ದು ಇಲ್ಲೇ. ಚಿಕ್ಕವನಿದ್ದಾಗ ಇವನು ಎದುರುಮಾತಾಡಿದಾಗಲೆಲ್ಲ ಅವ್ವ, "ನಿನ್ ಬಾಯ್ಗೆ ಹುಳ ಬೀಳ" ಎಂದು ಬೈಯುತ್ತಿದ್ದಳು. ಮಗ ಈಗ ಸೇಡು ತೀರಿಸಿಕೊಂಡನೆಂದೇ ಅವಳ ಎಣಿಕೆ. ಬೀದಿಯ ಹೆಂಗಸರು ನಕ್ಕರು ಬೇರೆ. "ನನ್ ಹೆಸ್ರು ಇಕ್ಕಕ್ಕೆ ಇವ್ನಿಗೆ ಹುಳಾನೇ ಸಿಕ್ತಾ?" ಎಂದವಳು ದೀಪಾವಳಿಯಿಂದ ಮಾತು ಬಿಟ್ಟಿದ್ದಾಳೆ. ತಟ್ಟೆಗೆ ಮುದ್ದೆ ಇಡುತ್ತಾಳೆ, ಮಾತಿಲ್ಲ. ಇವನು ಅರ್ಧ ಉಂಡು ಏಳುತ್ತಾನೆ. ನನ್ನಿಂದ ನೋಡಲಾಗುವುದಿಲ್ಲ, ಸಭಿಕರೇ.

ಹುಳಕ್ಕೆ ಅವ್ವನ ಹೆಸರು ಯಾಕಿಟ್ಟೆ ಎಂದು ಮೊನ್ನೆ ನಾನೇ ಇವನನ್ನು ಕೇಳಿದೆ. "ಅಣ್ಣ, ಕೆಲವು ಹುಳ ಇನ್ನೊಬ್ರ ಹೊಟ್ಟೇಲಿ ಬದುಕ್ತವೆ. ಇದು ಹಂಗಲ್ಲ. ಕೆಸರಲ್ಲಿ ತನ್ನ ಪಾಡಿಗೆ ತಾನಿರುತ್ತೆ, ಯಾರ ಹಂಗೂ ಇಲ್ಲ. ಅದಕ್ಕೇ ಅವ್ವನ ಹೆಸ್ರಿಟ್ಟೆ" ಎಂದ.

ಅಪ್ಪ ತೀರಿಕೊಂಡಾಗ ಸೋದರಮಾವಂದಿರು ಗಾಡಿ ಕಟ್ಟಿಕೊಂಡು ಕರೆಯಲು ಬಂದಿದ್ದರು. ಅವ್ವ ಹೋಗಲಿಲ್ಲ. ಕೆರೆಯ ಕೆಳಗಿನ ಗದ್ದೆಯ ಕೆಸರಿಗಿಳಿದಳು, ಸೊಪ್ಪಿನ ಮಂಕರಿ ಹೊತ್ತು ಮೈಸೂರು ರಸ್ತೆ ತುಳಿದಳು. ನಾನೂ ಅದನ್ನೆಲ್ಲ ನೋಡಿದವನೇ. ಸಭೆ ಸೇರಿರುವ ಈ ಶಾಲೆಯಲ್ಲೇ ಕನ್ನಡ ಕಲಿಸುವ ಮೇಷ್ಟ್ರೂ ಹೌದು. ಆದರೂ ಆ ಬಾಳಿಗೊಂದು ಮಾತು ನನಗೆ ಹೊಳೆಯಲಿಲ್ಲ, ಹುಳ ಹುಡುಕುವವನಿಗೆ ಹೊಳೆಯಿತು.

ಅಧ್ಯಕ್ಷರು ಮನ್ನಿಸಬೇಕು. ನೀವು ಹಾಕಬೇಕಾದ ಹಾರವನ್ನು, ಹೆಂಗಸರ ಸಾಲಿನಲ್ಲಿ ಸೆರಗು ಮುಖಕ್ಕೆಳೆದುಕೊಂಡು ಕೂತಿರುವ ನಮ್ಮ ಅವ್ವನ ಕೈಗೆ ಕೊಡಿಸಿ.

ಅವ್ವ, ಎದ್ದು ಬಾ. ಆಶೀರ್ವಾದ ಮಾಡದಿದ್ದರೂ ಪರವಾಗಿಲ್ಲ, ಆ ಹಳೇ ಬೈಗುಳವನ್ನೇ ಬೈದುಬಿಡು. ಅದನ್ನು ಕೇಳದೆ ನಿನ್ನ ಮಗ ಸೊರಗಿದ್ದಾನೆ.

ಮನೆಯ ಮಾತನ್ನು ಸಭೆಯಲ್ಲಾಡಿದರೂ ತಾಳಿಕೊಂಡ ನಿಮಗೆಲ್ಲ ಕೃತಜ್ಞ. ನಮಸ್ಕಾರ.