ತಲಾಸಿ ಒರೆಸಿಕೊಂಡ ಬೂದಿ

ನಮ್ಮ ಪಕ್ಕದ ಮನೆ ತಲಾಸಿ ಆ ರಾತ್ರಿ ಬಂಡೆಯ ನೀರ್ಗುಳಿ ದಾಟಿ ತನ್ನ ಖಾಲಿ ಮನೆಗೆ ಹೋಗಿದ್ದು ಯಾವ ಘನಕಾರ್ಯಕ್ಕೂ ಅಲ್ಲ, ತನ್ನ ಮಿಂಡ ಹೋನ್ಯೂತಿಗಾಗಿ. ಗಂಡ ಊರ ಕೆಲವು ಗಂಡಸರ ಜೊತೆ ನೆಲದಡಿಯ ಕೋಣೆಯಲ್ಲಿ ಚಳಿಗಾಲದ ವ್ರತಕ್ಕೆ ಕೂತಿದ್ದ. ಸತ್ತವರು ಊರಿಗೆ ಉಣ್ಣಲು ಬರುವ ರಾತ್ರಿ ಅದು; ಅವರು ಉಣ್ಣುವುದು ಅಡುಗೆಯ ವಾಸನೆಯನ್ನೇ. ದಾರಿಗಳಿಗೆ ಮೆಕ್ಕೆಜೋಳದ ಹಿಟ್ಟಿನ ಗೆರೆ ಎಳೆದು ಮುಚ್ಚಿದ್ದರು, ಬದುಕಿರುವವರು ದಾಟುವಂತಿಲ್ಲ. ಪಡುವಣ ಸಾಲಿನವರು ಅಡುಗೆ ಬಡಿಸಿಟ್ಟು, ಹಣೆಗೆ ಒಲೆಬೂದಿ ಬಳಿದುಕೊಂಡು, ಮೂಡಣ ಸಾಲಿನ ಮನೆಗಳಲ್ಲಿ ಮಲಗಬೇಕು. ಬೂದಿ ಇದ್ದರೆ ಸತ್ತವರು ಮುಟ್ಟುವುದಿಲ್ಲ.

ಯಾರೂ ಇಣುಕದ ಮನೆ... ಆ ಇಬ್ಬರಿಗೆ ಇನ್ನೇನು ಬೇಕು.

ಮೂಡಣ ಸಾಲಿನಲ್ಲಿ ಪಕ್ಕದಲ್ಲಿ ಮಲಗಿದ್ದ ಚಿಕ್ಕಮ್ಮ ನುವಾಸಿ ಗೊರಕೆ ಹೊಡೆದಿದ್ದೇ ತಡ, ಇವಳು ಎದ್ದಳು. ಹಿಟ್ಟಿನ ಗೆರೆ ದಾಟಿ, ನೀರ್ಗುಳಿಯ ಹತ್ತಿರ ನಿಂತು ಹಣೆ ತಿಕ್ಕಿ ಒರೆಸಿಕೊಂಡಳು. ಅವನ ಕಣ್ಣಿಗೆ ಚಂದ ಕಾಣಬೇಕಲ್ಲ. ಗುಳಿಯ ಮಂಜುಗಡ್ಡೆ ಟಣ್ ಅಂತ ಬಿರಿಯಿತು...

ತನ್ನ ಮನೆ ಸೇರಿ ಒಳಗಿನ ಬೀಸುಕಲ್ಲಿನ ಕೋಣೆಯಲ್ಲಿ ಕೂತಳು. ಹೊರಗೆ ತೊಗಲಿನ ಜೋಡು ಸರ್... ಸರ್... ಎಂದವು.

"ಬಂದ್ಯಾ?" ಅಂದಳು.

ಹೊರಕೋಣೆಯ ಒಲೆಯ ಸುತ್ತ ಮೂಸುವ ಸದ್ದು. ಸೊರ್... ಸೊರ್... ಒಂದಲ್ಲ, ಏಳೆಂಟು ಮೂಗು. ಆಮೇಲೆ ಕೆಮ್ಮು. ಕುಹ್, ಕುಹ್. ಹೋದ ವಸಂತದಲ್ಲಿ ಇದೇ ಕೆಮ್ಮಿನಲ್ಲಿ ಅವಳ ತಾಯಿ ಸತ್ತಿದ್ದು.

"ಒಳಗ್ಯಾರು?"

"ನಾನಮ್ಮ..."

"ಹಣೆ ಯಾಕೆ ಬೋಳು?"

"ಒರೆಸ್ಕೊಂಡೆ."

"ಯಾರಿಗೋಸ್ಕರ?"

ತಲಾಸಿ ಹೊದ್ದ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡಳು.

"ಬೋಳು ಹಣೆ ಅಂದ್ರೆ ನಮ್ಮವಳೇ. ಬಾ, ಕೂತ್ಕೋ."

ಬಾಗಿಲು ಅವರ ಆಚೆ. ಒಲೆಯ ಬೂದಿಯೂ ಅವರ ಆಚೆ. ಅವಳು ಉಸಿರೆಳೆದಾಗಲೆಲ್ಲ ಆ ಕಡೆ ಮೂಸುವುದು ನಿಲ್ಲುತ್ತಿತ್ತು. ಅವಳು ಉಸಿರು ಬಿಗಿಹಿಡಿದರೆ ಮತ್ತೆ ಸೊರ್... ಹೀಗೇ ಎಷ್ಟು ಹೊತ್ತೋ. ಕೊನೆಗೆ ಕುರಿಸಾರಿನ ಬಟ್ಟಲು ಗರ್ರ್ ಅಂತ ನೆಲದ ಮೇಲೆ ಜಾರಿ ಅವಳ ಮೊಣಕಾಲಿಗೆ ತಾಗಿತು.

"ನನ್ ಮಗಳಲ್ವೇನೇ. ಒಂದ್ಸಲ ಮೂಸು, ಬಿಡ್ತೀನಿ."

ಮೂಸಿದಳು. ಇನ್ನೇನು ಮಾಡಿಯಾಳು.

ಬೆಳಗಿನ ಜಾವ ಸತ್ತವರು ಹೊರಟ ಮೇಲೆ ಯಾರೋ ಹಿಟ್ಟಿನ ಗೆರೆ ಗುಡಿಸಿದರು. ಅವಳು ಓಡಿಬಂದು ಚಿಕ್ಕಮ್ಮನ ಪಕ್ಕ ಬಿದ್ದುಕೊಂಡಳು. ಆ ಹೋನ್ಯೂತಿ ಮಹಾಶಯ ಗೆರೆ ನೋಡಿ ಅಲ್ಲಿಂದಲೇ ತಿರುಗಿ, ಹೆಂಡತಿ ಮಗ್ಗುಲಲ್ಲಿ ಬೆಚ್ಚಗೆ ಮಲಗಿದ್ದನಂತೆ. ಜ್ವರದಲ್ಲಿ ತಲಾಸಿ ಎಲ್ಲ ಬಡಬಡಿಸಿದಳು. ನುವಾಸಿಯ ಬಾಯಿ ಗೊತ್ತಲ್ಲ, ಸಂಜೆಗೆ ನನ್ನ ಕಿವಿಗೆ ಬಂತು.

ನಾಲ್ಕು ದಿನಕ್ಕೆ ಗಂಡ ಮನೆಗೆ ಬಂದ. ಅವಳು ಬಡಿಸಿದ ಬಿಸಿ ಸಾರನ್ನು ಮೂಗಿಗೆ ಹಿಡಿದ. ಮತ್ತೊಮ್ಮೆ ಮೂಸಿ ಕೆಳಗಿಟ್ಟ. ಆ ರಾತ್ರಿಯಿಂದ ಅವಳ ಕೈ ಅಡುಗೆಗೆ ವಾಸನೆಯೇ ಇಲ್ಲ.

ಸುಳ್ಳಲ್ಲ... ಅವಳು ಒಣಮೆಣಸಿನಕಾಯಿ ಹುರಿಯುವಾಗ ಕಾವಲಿಯ ಮೇಲೆ ನಾನೇ ಬಗ್ಗಿ ಮೂಗಿಟ್ಟಿದ್ದೇನೆ. ಒಂದು ಸೀನೂ ಬರಲಿಲ್ಲ.