ಎಳೆದು ನೋಡಿದ ಗಂಟು

ಸಭೆಯ ಅಧ್ಯಕ್ಷರೂ ನಮ್ಮ ಸಿರುಮುಗೈ ನೇಕಾರರ ಸಂಘದ ಯಜಮಾನರೂ ಆದ ರಾಮಲಿಂಗಂ ಅವರೇ, ವರ್ಗವಾಗಿ ಮದುರೈಗೆ ಹೊರಟಿರುವ ಮೂಳೆ ಡಾಕ್ಟರು ಕೃಷ್ಣಸಾಮಿಯವರೇ, ಪಾಯಸದ ವಾಸನೆಗೆ ಆಗಲೇ ಹಿಂದಕ್ಕೆ ತಿರುಗಿರುವ ಸಭಿಕರೇ,

ಡಾಕ್ಟರ ಕೈಗುಣದ ಬಗ್ಗೆ ಎರಡು ಮಾತನಾಡಿ ಹಾರ ಹಾಕು ಎಂದು ನನ್ನನ್ನು ನಿಲ್ಲಿಸಿದ್ದಾರೆ. ಇವರಿಂದ ಕೈಕಾಲು ನೆಟ್ಟಗಾದವರು ಊರಿನಲ್ಲಿ ಎಷ್ಟು ಮಂದಿ ಇಲ್ಲ? ಅವರನ್ನೆಲ್ಲ ಬಿಟ್ಟು, ಬಲಗೈ ಎದೆಯಿಂದ ಮೇಲಕ್ಕೆ ಏಳದ ಈ ವೆಲ್ಲಿಂಗಿರಿಯನ್ನೇ ಆರಿಸಿದ ಸಂಘದ ಬುದ್ಧಿಗೆ ಮೊದಲ ವಂದನೆ. ನಮ್ಮ ನೇಕಾರರೆಲ್ಲರ ಹಾಗೆ ನನ್ನ ಕನ್ನಡವೂ ಮನೆಯೊಳಗಿನದು. ಈ ಭಾಷಣವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದೇನೆ. ತಪ್ಪಿದ್ದರೆ ಅಕ್ಷರವನ್ನು ಬೈಯಿರಿ.

ತಿರುಪ್ಪೂರಿನಲ್ಲಿ ಬಸ್ಸಿನ ಮೇಲಿಂದ ನೂಲಿನ ಮೂಟೆ ಇಳಿಸುವಾಗ ಏಣಿಯಲ್ಲಿ ಕಾಲು ಜಾರಿ ಬಲಗೈಯಲ್ಲೇ ಜೋತುಬಿದ್ದೆ. ಭುಜದ ಮೂಳೆಯನ್ನು ಹೊದ್ದಿರುವ ಸ್ನಾಯುವಿನ ಪಟ್ಟಿ ದೊಡ್ಡದಾಗಿ ಹರಿದು ಹಿಂದಕ್ಕೆ ಸರಿದಿದೆ ಎಂದರು ಡಾಕ್ಟರು. ಅದಕ್ಕೆ ಎಷ್ಟೊಂದು ದಾರಿ ಅಂತೀರಿ. ಮೂಳೆಗೆ ತೂತು ಕೊರೆದು, ಹರಿದದ್ದನ್ನು ಎಳೆದು ಹೊಲಿಯಬಹುದಂತೆ. ಎಟುಕದಿದ್ದರೆ ತೊಡೆಯಿಂದ ತೇಪೆ ತರಬಹುದಂತೆ. ಏನೂ ಆಗದಿದ್ದರೆ ಉಜ್ಜಿ ಸವರಿ ನೋವನ್ನಷ್ಟೇ ಕಳೆಯಬಹುದಂತೆ. ಇಷ್ಟು ದಾರಿ ಬಲ್ಲವರು ಒಂದನ್ನಾದರೂ ನೆಟ್ಟಗೆ ಬಲ್ಲರೇ ಎಂದು ನಾನು ಆಗಲೇ ಯೋಚಿಸಿದೆ.

ಹೊಲಿದರು. ಕೈಯನ್ನು ಪಕ್ಕಕ್ಕೆ ಎತ್ತಿ ಕಂಬಿಗೆ ಕಟ್ಟಿದರು. ಬೀದಿಗೆ ಇಳಿದರೆ ಟ್ರಾಫಿಕ್ ಪೊಲೀಸ್ ಎಂದುಕೊಂಡು ಲಾರಿಯವರು ನಿಲ್ಲಿಸುತ್ತಿದ್ದರು. ಎತ್ತಬೇಡ, ಎಳೆಯಬೇಡ, ನಾನು ಹೇಳುವವರೆಗೆ ಬಿಚ್ಚಬೇಡ ಎಂದು ಡಾಕ್ಟರ ಅಪ್ಪಣೆ. ಸಭಿಕರೇ, ನೀವೆಲ್ಲ ನೇಕಾರರು. ಮಗ್ಗದ ಹಾಸಿನಲ್ಲಿ ಎಳೆ ಕಡಿದರೆ ಗಂಟು ಹಾಕುತ್ತೀರಿ. ಹಾಕಿದ ಕೂಡಲೇ ಏನು ಮಾಡುತ್ತೀರಿ? ಎಳೆದು ನೋಡುತ್ತೀರಿ. ಎಳೆದು ನೋಡದ ಗಂಟನ್ನು ನಂಬಿದ ನೇಕಾರ ಇಲ್ಲಿ ಒಬ್ಬನಾದರೂ ಇದ್ದಾನೆಯೇ? ಅಂದು ಅಮಾವಾಸ್ಯೆ, ಮಗ್ಗಕ್ಕೆ ರಜೆ. ನನ್ನ ಹೆಂಡತಿ ನಾಚಿಯಮ್ಮ ಕಾರಮಡೈ ಗುಡಿಗೆ ಹೋಗಿದ್ದಳು. ಎಡಗೈಯಿಂದ ಕಂಬಿ ಬಿಚ್ಚಿದೆ, ಮಗ್ಗದ ಗುಂಡಿಗೆ ಇಳಿದೆ, ಬಲಗೈಯಲ್ಲಿ ಲಾಳಿಯ ಹಗ್ಗ ಹಿಡಿದು ಜಗ್ಗಿದೆ. ಒಳಗೆ ಟಪ್ಪೆಂದಿತು. ನೀವೇ ಹೇಳಿ, ಅದೂ ಒಂದು ಗಂಟೇ?

ಏಕೆ ನಗುತ್ತೀರಿ? ಮುಂದಿನ ಸಾಲಿನಲ್ಲಿ ನಾಚಿಯಮ್ಮನೂ ನಗುತ್ತಿದ್ದಾಳೆ. ಅವಳು ಅಂದೇ ಹೇಳಿದಳು, "ಡಾಕ್ಟ್ರು ಆಕಿದ ಗಂಟ್ನ ನೀನೇ ತಾನೆ ಎಳ್ದು ನೋಡ್ದೆ? ಇನ್ನ ಯಾರ್ನ ಬೈತೀಯ?" ಹೆಂಗಸರಿಗೆ ನೇಯ್ಗೆಯ ಸೂಕ್ಷ್ಮ ಏನು ಗೊತ್ತು ಎಂದೆ. ಗೊತ್ತು, ಸ್ವಾಮಿ. ಈಗ ಗುಂಡಿಯಲ್ಲಿ ಕೂತು ನೇಯುವವಳು ಅವಳೇ. ಬಾಗಿಲಲ್ಲಿ ಕೂತು ಅವಳ ಲಾಳಿಗೆ ನೂಲು ಸುತ್ತುವವನು ನಾನು. ಬಂದವರೆಲ್ಲ ಅವಳ ಸೀರೆಯ ಅಂಚನ್ನು ಹೊಗಳುತ್ತಾರೆ. ಹೊಗಳಲಿ. ನನ್ನ ಮಗ್ಗದ ಸದ್ದನ್ನು ಹೊರಗೆ ಕೂತು ಕೇಳುವುದೆಂದರೆ ನನಗೆ ಸಂಕಟ, ಹೇಳಿಬಿಟ್ಟೆ.

ಈಗ ಡಾಕ್ಟರ ಹತ್ತಿರ ಇನ್ನೊಂದು ದಾರಿ. ಮತ್ತೆ ಹೊಲಿದರೆ ನಿಲ್ಲದಂತೆ. ಬೆನ್ನಿನ ಸ್ನಾಯುವನ್ನೇ ತಿರುಗಿಸಿ ತಂದು ಭುಜಕ್ಕೆ ಕಟ್ಟುತ್ತಾರಂತೆ. ಹೋದ ವರ್ಷ, ಎಂಬತ್ತೆಂಟರಲ್ಲಿ, ಫಾರಿನ್ ಪುಸ್ತಕದಲ್ಲಿ ಬಂದಿದೆಯಂತೆ. ಇವರು ಇನ್ನೂ ಯಾರಿಗೂ ಮಾಡಿಲ್ಲವಂತೆ. ಹಿತ್ತಲ ಕಂಬ ಕಿತ್ತು ಮುಂಬಾಗಿಲಿಗೆ ನೆಡುವ ಕೆಲಸ. ಹಗ್ಗ ಎಳೆಯುವ ಬಲ ಬರುತ್ತದೆಯೇ ಎಂದು ಕೇಳಿದರೆ, ಬಂದರೂ ಬರಬಹುದು ಎಂದರು. ಇಷ್ಟು ಓದಿದವರ ಬಾಯಲ್ಲಿ ಬರುವ ಮಾತೇ ಇದು? ಹೊರಡುವ ಮೊದಲು ಸೋಮವಾರವೇ ಅವರ ಕೊನೆಯ ಆಪರೇಷನ್ ದಿನ. ನನಗೆಂದು ಒಂದು ಮಂಚ ಖಾಲಿ ಇಟ್ಟಿದ್ದಾರೆ. ಬರುವುದಿಲ್ಲ ಎಂದು ಮುಖಕ್ಕೇ ಹೇಳಿದ್ದೆ.

ಹಾರ ಕೊಡಿ ಇಲ್ಲಿ. ಡಾಕ್ಟರೇ, ಏಳಬೇಡಿ, ಕೂತೇ ಇರಿ. ನೀವು ಎದ್ದು ನಿಂತರೆ ನನಗೆ ಎಟುಕುವುದಿಲ್ಲ. ಇನ್ನೂ ಸ್ವಲ್ಪ ತಲೆ ಬಗ್ಗಿಸಿ. ನಾಚಿಯಮ್ಮ, ನೀನು ಬರಬೇಡ, ನಾನೇ ಹಾಕುತ್ತೇನೆ. ಕನ್ನಡಕಕ್ಕೆ ಸಿಕ್ಕಿಕೊಂಡಿತು, ಇರಲಿ.

ಸೋಮವಾರ ಬರುತ್ತೇನೆ, ಡಾಕ್ಟರೇ. ಈ ಸಲ ಗಂಟು ಹಾಕಿದ ಮೇಲೆ ನನ್ನ ಎಡಗೈಯನ್ನೂ ಕಟ್ಟಿಹಾಕಿ.

ಪಾಯಸ ಆರುತ್ತಿದ್ದರೂ ಕೂತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.